ಲೆಡ್ಜರ್‌ನಲ್ಲಿ ಬರೆಯದ ನೀರು

ಇವತ್ತಿನ ಕಥೆ ಪ್ಯಾರಾಶೂಟ್‌ನಲ್ಲಿ ಆಕಾಶದಿಂದ ಇಳಿದ ಪ್ರಾಣಿಯದ್ದು. ಹೆಸರು ಬೀವರ್. ನಮ್ಮ ತುಂಗಭದ್ರೆಯ ನೀರುನಾಯಿ ಇದಲ್ಲ. ಅದು ಮೀನು ತಿನ್ನುತ್ತೆ. ಇದು ಇಲಿ, ಅಳಿಲುಗಳ ಬಳಗ, ತಿನ್ನೋದು ತೊಗಟೆ, ಎಲೆ.

ನಾನು ಬಿ.ಕಾಂ. ಓದಿದವನು, ಲೆಕ್ಕದಿಂದಲೇ ಶುರು ಮಾಡ್ತೀನಿ. 1670ರಲ್ಲಿ ಲಂಡನ್‌ನಲ್ಲಿ ಹಡ್ಸನ್ಸ್ ಬೇ ಕಂಪನಿ ಹುಟ್ಟಿತು. ಯುರೋಪಿನ ಸಾಹೇಬರ ಟೋಪಿಗಳಿಗೆ ಬೀವರ್ ತುಪ್ಪಳ ಬೇಕಿತ್ತು. ಉತ್ತರ ಅಮೆರಿಕದ ಮೂಲನಿವಾಸಿಗಳ ಜೊತೆ ಕಂಪನಿ ಮಾಡಿದ ವ್ಯಾಪಾರದಲ್ಲಿ ಬೀವರ್ ಚರ್ಮವೇ ನಾಣ್ಯ. ಬಂದೂಕು, ಕಂಬಳಿಗೆಲ್ಲ "ಇಷ್ಟು ಚರ್ಮ" ಅಂತ ರೇಟು. 1820ರ ದಶಕದಲ್ಲಿ ಸ್ನೇಕ್ ನದಿ ಸೀಮೆಗೆ ಅಮೆರಿಕನ್ ಬೇಟೆಗಾರರು ಕಾಲಿಡಬಾರದು ಅಂತ, ಅಲ್ಲಿನ ಬೀವರ್‌ಗಳನ್ನೇ ಖಾಲಿ ಮಾಡೋಕೆ ಕಂಪನಿ ಪೀಟರ್ ಸ್ಕೀನ್ ಆಗ್ಡೆನ್ ತಂಡವನ್ನು ಕಳಿಸಿತು. ಕಾಂಪಿಟಿಟರ್‌ಗೆ ಏನೂ ಸಿಗಬಾರದು, ಅಷ್ಟೇ ಪ್ಲಾನ್.

ಆ ಲೆಡ್ಜರ್‌ನಲ್ಲಿ ಚರ್ಮ ಇತ್ತು, ನೀರು ಇರಲಿಲ್ಲ. ಬೀವರ್ ಹಲ್ಲಿನಿಂದ ಮರ ಕಡಿದು, ಕೊಂಬೆ, ಕಲ್ಲು, ಕೆಸರು ಸೇರಿಸಿ ಹಳ್ಳಕ್ಕೆ ಕಟ್ಟೆ ಹಾಕುತ್ತೆ. ನೀರು ಆಳವಾಗಿ ನಿಂತರೆ ಗೂಡಿನ ಬಾಗಿಲು ನೀರೊಳಗೇ ಇರುತ್ತೆ, ತೋಳ ಒಳಗೆ ಬರಲ್ಲ. ಅದು ಕಟ್ಟೋದು ತನ್ನ ಮನೆಗಾಗಿ. ಆದ್ರೆ ನಿಂತ ನೀರು ನೆಲಕ್ಕೆ ಇಳಿಯುತ್ತೆ, ಅಂತರ್ಜಲ ಏರುತ್ತೆ, ಹೂಳು ಅಲ್ಲೇ ಕೂರುತ್ತೆ. ಕಪ್ಪೆ, ಮೀನು, ಹಕ್ಕಿ ಎಲ್ಲಕ್ಕೂ ನೆಲೆ ಸಿಗುತ್ತೆ. ಬೀವರ್ ಹೋದ ಕಡೆ ಕಟ್ಟೆ ಒಡೀತು, ನೀರು ನಿಲ್ಲದೆ ಹರಿದುಹೋಯ್ತು.

ಈಗ ಪ್ಯಾರಾಶೂಟ್ ವಿಷಯ. 1948ರಲ್ಲಿ, ಅದೇ ಸ್ನೇಕ್ ನದಿ ಹರಿಯೋ ಐಡಾಹೊ ರಾಜ್ಯದ ವನ್ಯಜೀವಿ ಇಲಾಖೆ, ಊರ ಹತ್ತಿರ ತೊಂದರೆ ಕೊಡ್ತಿದ್ದ ಬೀವರ್‌ಗಳನ್ನು ದೂರದ ಕಾಡಿಗೆ ಸಾಗಿಸಬೇಕಿತ್ತು. ಹೇಸರಗತ್ತೆ ಮೇಲೆ ಹೊರಿಸಿದ್ರೆ ಬಿಸಿಲಿಗೆ ಸಾಯ್ತಿದ್ದವು. ಆಗ ಇಲಾಖೆಯ ಎಲ್ಮೊ ಹೀಟರ್, ಯುದ್ಧದಲ್ಲಿ ಮಿಕ್ಕ ಪ್ಯಾರಾಶೂಟ್‌ಗಳಿಗೆ, ನೆಲಕ್ಕೆ ತಾಗಿದಾಗ ತೆರೆದುಕೊಳ್ಳೋ ಪೆಟ್ಟಿಗೆ ಕಟ್ಟಿದ್ರು. ಜೆರೊನಿಮೊ ಅನ್ನೋ ಬೀವರ್‌ನ ಮತ್ತೆ ಮತ್ತೆ ಇಳಿಸಿ ಟ್ರಯಲ್ ಮಾಡಿದ್ರು, ಪಾಪ! ಆಮೇಲೆ ಇಳಿಸಿದ 76ರಲ್ಲಿ ಸತ್ತಿದ್ದು ಒಂದೇ. ಉಳಿದವು ಕಾಡಲ್ಲಿ ನೆಲೆಯೂರಿದವು.

2018ರಲ್ಲಿ ಐಡಾಹೊದ ಶಾರ್ಪ್ಸ್ ಕಾಳ್ಗಿಚ್ಚಿಗೆ ಗುಡ್ಡಗಳೇ ಕಪ್ಪಾದವು. ಬೀವರ್ ಕಟ್ಟೆಗಳಿದ್ದ ಒಂದು ಹಳ್ಳದ ಪಟ್ಟಿ ಮಾತ್ರ ಹಸಿರಾಗಿ ಉಳೀತು.

ಕಾಲೇಜಲ್ಲಿ ನಾನು ಎಷ್ಟೋ ಬ್ಯಾಲೆನ್ಸ್ ಶೀಟ್ ಟ್ಯಾಲಿ ಮಾಡಿದ್ದೀನಿ. ಲೆಕ್ಕದಿಂದ ಹೊರಗೆ ಯಾರನ್ನ ಬಿಟ್ಟಿದ್ದೀವಿ ಅಂತ ಒಮ್ಮೆಯೂ ಕೇಳಿರಲಿಲ್ಲ. ಈಗ ಕೇಳ್ತೀನಿ. ಮುಂದಿನ ವಾರ ಸಿಗೋಣ.