ಆವತಿ ಸೀಮೆಯ ದ್ವಿಭಾಷಿಕತೆ ಮತ್ತು ಹಂತಾನುಸಾರಿ ಕನ್ನಡ ಬೋಧನೆ

ಕಂಚಿಯ ಕಡೆಯಿಂದ ಬಂದು ಆವತಿಯಲ್ಲಿ ನೆಲೆಸಿದರೆಂಬ ಐತಿಹ್ಯವುಳ್ಳ ಮೊರಸು ಒಕ್ಕಲಿಗ ಪ್ರಭುಗಳ ವಂಶದ ಮಲ್ಲಬೈರೇಗೌಡನು 1501ರಲ್ಲಿ ದೇವನಹಳ್ಳಿಯ ಕೋಟೆಯನ್ನು ಕಟ್ಟಿಸಿದನು. ಈ ಸೀಮೆಯಲ್ಲಿ ಮನೆಮಾತು ತೆಲುಗು, ವ್ಯವಹಾರದ ಮಾತು ಕನ್ನಡವಾಗಿರುವ ಕುಟುಂಬಗಳು ಇಂದಿಗೂ ಉಂಟು. ಆದುದರಿಂದ ಒಂದೇ ವಯಸ್ಸಿನ ಮಕ್ಕಳ ಕನ್ನಡವು ಒಂದೇ ಮಟ್ಟದ್ದಾಗಿರದು. ವಯಸ್ಸನ್ನೇ ಅಳತೆಗೋಲಾಗಿಸಿಕೊಂಡ ತರಗತಿ ಪದ್ಧತಿಯು ಈ ಅಂತರವನ್ನು ಗಣನೆಗೆ ತಂದುಕೊಳ್ಳಲಿಲ್ಲ.

1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಆರಂಭವಾಗಿ, 2009-10ರಲ್ಲಿ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ವಿಸ್ತರಣೆಗೊಂಡ ‘ನಲಿ-ಕಲಿ’ ಪದ್ಧತಿಯು ಕಲಿಕಾ ಏಣಿಯ ಮೂಲಕ ಈ ಕೊರತೆಗೆ ಉತ್ತರ ನೀಡಿತು. ಇಲ್ಲಿ ಅಕ್ಷರಾಭ್ಯಾಸವು ವರ್ಣಮಾಲೆಯ ಕ್ರಮವನ್ನು ಬಿಟ್ಟು ರ, ಗ, ಸ, ದ, ಅ ಎಂದು ಮೊದಲಾಗುತ್ತದೆ. ಒಂದು ಮೈಲಿಗಲ್ಲನ್ನು ದಾಟಿದ ಬಳಿಕವೇ ಮಗು ಮುಂದಿನದಕ್ಕೆ ಸಾಗುತ್ತದೆ. ಆದರೆ ಇಂತಹ ದ್ವಿಭಾಷಿಕ ಸೀಮೆಯಲ್ಲಿ ಅಕ್ಷರಕ್ಕೂ ಮುನ್ನ ಮಗುವಿನ ಆಡುಮಾತಿನ ಮಟ್ಟವನ್ನು ಗುರುತಿಸದಿದ್ದಲ್ಲಿ, ಏಣಿಯ ಮೊದಲ ಮೆಟ್ಟಿಲೇ ಅದಕ್ಕೆ ಎಟುಕದಂತಾಗುವುದು.