ಆನ್‌ಲೈನ್ ಮಳಿಗೆಗೊಂದು ದನಿ: ಜಾಹೀರಾತಿನಿಂದ ದೂರಿನ ಉತ್ತರದವರೆಗೆ

ಅಂಗಡಿಯಲ್ಲಿ ಕುಳಿತ ವರ್ತಕನ ಮಾತು, ಮುಖಭಾವ, ತೂಕ ಹಾಕುವ ರೀತಿ ಇವನ್ನೆಲ್ಲ ಕಂಡು ಗಿರಾಕಿಯು ಅವನನ್ನು ನಂಬಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾನೆ. ಮೊಬೈಲ್, ಚಾರ್ಜರ್, ಕ್ಯಾಮೆರಾ ಮಾರುವ ಆನ್‌ಲೈನ್ ಮಳಿಗೆಗೆ ಮುಖವಿಲ್ಲ, ಇರುವುದು ಬರಹ ಮಾತ್ರ. ಸರಕಿನ ವಿವರಣೆ, ಎಸ್‌ಎಂಎಸ್, ಬಿಲ್ಲು, ದೂರಿಗೆ ಕೊಡುವ ಉತ್ತರ ಇವೆಲ್ಲ ಒಬ್ಬನೇ ವ್ಯಕ್ತಿಯ ಮಾತಿನಂತೆ ಕೇಳಿಸುವ ಗುಣಕ್ಕೆ ವಾಣಿಜ್ಯ ವಲಯದಲ್ಲಿ ‘ಬ್ರ್ಯಾಂಡ್ ವಾಯ್ಸ್’ ಎಂಬ ಹೆಸರಿದೆ. ಕನ್ನಡದಲ್ಲಿ ಮಳಿಗೆಯ ದನಿ ಎನ್ನಬಹುದು.

ಕನ್ನಡಕ್ಕೆ ಬಂದ ಬಗೆ

2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಾಟದೊಂದಿಗೆ ಆರಂಭವಾದ ಫ್ಲಿಪ್‌ಕಾರ್ಟ್, 2010ರಲ್ಲಿ ಮೊಬೈಲ್ ಮಾರಾಟಕ್ಕೆ ಇಳಿಯಿತು. ಆದರೆ ಅದರ ಕನ್ನಡ ಆವೃತ್ತಿ ಬಂದದ್ದು 2020ರ ಜೂನ್‌ನಲ್ಲಿ. ಅಮೆಜಾನ್ ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಕನ್ನಡವನ್ನು ಸೇರಿಸಿತು. ಫ್ಲಿಪ್‌ಕಾರ್ಟ್ ತನ್ನ ಆವೃತ್ತಿಗೆ ಎಲ್ಲವನ್ನೂ ಅನುವಾದಿಸದೆ, ಬಳಕೆಯಲ್ಲಿರುವ ಇಂಗ್ಲಿಷ್ ಪದಗಳನ್ನು ಕನ್ನಡ ಲಿಪಿಯಲ್ಲಿಯೇ ಉಳಿಸಿಕೊಳ್ಳುವ ಮಿಶ್ರ ಮಾರ್ಗವನ್ನು ಆರಿಸಿತು. ಇದು ವಿವೇಕದ ಆಯ್ಕೆ. ‘ಚಾರ್ಜರ್’ ಎಂಬುದನ್ನು ‘ವಿದ್ಯುತ್ಪೂರಕ’ ಎಂದು ಬರೆದರೆ ಕೊಳ್ಳುವವರು ಹುಡುಕುವುದೇ ಕಷ್ಟ.

ದನಿ ಒಂದು, ಧಾಟಿ ಹಲವು

ದನಿ ಒಂದೇ ಇರಬೇಕೆಂದರೆ ಎಲ್ಲ ಸಂದರ್ಭದಲ್ಲಿಯೂ ಒಂದೇ ರೀತಿ ಮಾತನಾಡಬೇಕೆಂದಲ್ಲ. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದವರಾದ ತೀ.ನಂ. ಶ್ರೀಕಂಠಯ್ಯನವರು ತಮ್ಮ ‘ಭಾರತೀಯ ಕಾವ್ಯಮೀಮಾಂಸೆ’ಯಲ್ಲಿ (1953) ಕನ್ನಡ ಓದುಗರಿಗೆ ಪರಿಚಯಿಸಿದ ಹಳೆಯ ಪರಿಕಲ್ಪನೆಗಳಲ್ಲಿ ಔಚಿತ್ಯವೂ ಒಂದು. ಸಂದರ್ಭಕ್ಕೆ ತಕ್ಕ ಮಾತೇ ಒಪ್ಪುವ ಮಾತು ಎಂಬ ಈ ತತ್ತ್ವ ಕಾವ್ಯಕ್ಕೆ ಹೇಳಿದ್ದಾದರೂ ವ್ಯಾಪಾರಕ್ಕೂ ಸಲ್ಲುತ್ತದೆ.

ಅದೇ ತಾಲ್ಲೂಕಿನ ಹುಳಿಯಾರಿನ ತೆಂಗು ಬೆಳೆಗಾರರೊಬ್ಬರು ಪಂಪ್‌ಸೆಟ್‌ಗೆ ಮೊಬೈಲ್ ಸ್ಟಾರ್ಟರ್ ತರಿಸುತ್ತಾರೆ ಎಂದಿಟ್ಟುಕೊಳ್ಳಿ. “ಮನೆಯಿಂದಲೇ ಮೋಟಾರ್ ಚಾಲೂ ಮಾಡಿ” ಎಂದು ಜಾಹೀರಾತು ಉತ್ಸಾಹದಿಂದ ಹೇಳಬಹುದು. ಆದರೆ ಸಾಧನಕ್ಕೆ ಸಿಮ್ ಬೇಕು, ತೋಟದಲ್ಲಿ ನೆಟ್‌ವರ್ಕ್ ಇರಬೇಕು ಎಂಬುದನ್ನೂ ಅದೇ ಪುಟದಲ್ಲಿ, ಅಷ್ಟೇ ಸ್ಪಷ್ಟವಾಗಿ ತಿಳಿಸಬೇಕು. ಸ್ಟಾರ್ಟರ್ ತಲುಪುವುದು ತಡವಾದಾಗ “ಅನಿವಾರ್ಯ ಕಾರಣಗಳಿಂದ ಉಂಟಾದ ವಿಳಂಬಕ್ಕೆ ವಿಷಾದಿಸುತ್ತೇವೆ” ಎಂದರೆ ಬೇಸಿಗೆಯಲ್ಲಿ ನೀರಿಲ್ಲದೆ ಹರಳು ಉದುರುತ್ತಿರುವ ತೋಟದವರಿಗೆ ಉಪಯೋಗವಿಲ್ಲ. “ನಿಮ್ಮ ಸ್ಟಾರ್ಟರ್ ಇಂದು ಬರುವುದಿಲ್ಲ, ಗುರುವಾರ ಬರುತ್ತದೆ. ಕಾಯಲು ಆಗದಿದ್ದರೆ ಆರ್ಡರ್ ರದ್ದು ಮಾಡಿ, ಪೂರ್ತಿ ಹಣ ವಾಪಸ್ ಬರುತ್ತದೆ” ಎಂದರೆ ಬೇರೆ ದಾರಿ ನೋಡಿಕೊಳ್ಳಲು ಅವರಿಗೆ ಅವಕಾಶವಾಗುತ್ತದೆ. ಧಾಟಿ ಬದಲಾದರೂ ನೇರವಾಗಿ ಮಾತನಾಡುವ ಗುಣ ಎರಡರಲ್ಲಿಯೂ ಒಂದೇ.

ಬರೆದಿಡಬೇಕಾದ ನಿಯಮಗಳು

* ಸಂಬೋಧನೆ: ಎಲ್ಲೆಡೆ ‘ನೀವು’. ಜಾಹೀರಾತಿನಲ್ಲಿ ‘ಗುರು’, ದೂರಿನ ಉತ್ತರದಲ್ಲಿ ‘ಮಾನ್ಯ ಗ್ರಾಹಕರೇ’ ಎಂದರೆ ಇಬ್ಬರು ಮಾತನಾಡಿದಂತಾಗುತ್ತದೆ.
* ಪದಪಟ್ಟಿ: ‘ರಿಫಂಡ್’, ‘ಹಣ ವಾಪಸ್’ ಇವುಗಳಲ್ಲಿ ಒಂದನ್ನೇ ಬಳಸಬೇಕು. ‘ವಾರಂಟಿ’ಯನ್ನು ‘ಗ್ಯಾರಂಟಿ’ ಎಂದು ಹಿಗ್ಗಿಸಬಾರದು.
* ಮಾದರಿ ಸಂದೇಶಗಳು: ಆರ್ಡರ್, ವಿಳಂಬ, ವಾಪಸಾತಿ, ದೂರು ಈ ನಾಲ್ಕಕ್ಕೂ ಮೊದಲೇ ಸಿದ್ಧವಿರಬೇಕು.
* ಪರಿಶೀಲನೆ: ಯಂತ್ರಾನುವಾದವನ್ನು ಕನ್ನಡ ಬಲ್ಲ ಒಬ್ಬರು ಓದಿದ ನಂತರವೇ ಪ್ರಕಟಿಸಬೇಕು.

ಕಾನೂನಿನ ಗೆರೆ

ಮಾತಿನ ಕೆಲವು ಅಂಶಗಳು ಮಳಿಗೆಯ ಇಷ್ಟಕ್ಕೆ ಬಿಟ್ಟವಲ್ಲ. 2020ರ ಗ್ರಾಹಕ ಸಂರಕ್ಷಣಾ (ಇ-ಕಾಮರ್ಸ್) ನಿಯಮಗಳ ಪ್ರಕಾರ, ದೂರು ತಲುಪಿದ್ದನ್ನು 48 ಗಂಟೆಗಳೊಳಗೆ ಖಚಿತಪಡಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. 2023ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರವು ದಾರಿ ತಪ್ಪಿಸುವ 13 ವಿನ್ಯಾಸ ತಂತ್ರಗಳನ್ನು ಗುರುತಿಸಿ ನಿರ್ಬಂಧಿಸಿತು. ದಾಸ್ತಾನು ಸಾಕಷ್ಟಿದ್ದರೂ “ಎರಡೇ ಉಳಿದಿವೆ” ಎಂದು ಅವಸರಪಡಿಸುವುದು, ಬೇಡವೆಂದವರನ್ನು ನಾಚಿಸುವಂತೆ ಬರೆಯುವುದು ಈ ಪಟ್ಟಿಯಲ್ಲಿವೆ.

ದನಿ ಮುರಿಯುವ ಜಾಗ

ಮಳಿಗೆಯ ಒಂದು ಮೂಲೆಯಲ್ಲಿ ಆದ ತಪ್ಪು ಇಡೀ ಮಳಿಗೆಯ ಹೆಸರಿಗೆ ಅಂಟಿಕೊಳ್ಳುತ್ತದೆ. 2021ರ ಜೂನ್‌ನಲ್ಲಿ ಅಮೆಜಾನ್‌ನ ಕೆನಡಾ ತಾಣದಲ್ಲಿ ಕನ್ನಡ ಬಾವುಟದ ಬಣ್ಣಗಳ ಬಿಕಿನಿ ಮಾರಾಟಕ್ಕೆ ಕಾಣಿಸಿಕೊಂಡಾಗ, ಅಂದಿನ ಕನ್ನಡ ಮತ್ತು ಸಂಸ್ಕೃತಿ ಸಚಿವ ಅರವಿಂದ ಲಿಂಬಾವಳಿ ಕಂಪನಿಯು ಕ್ಷಮೆ ಕೇಳಬೇಕೆಂದು ಆಗ್ರಹಿಸಿದರು. ಅಮೆಜಾನ್ ಕನ್ನಡದಲ್ಲಿ ಮಾತನಾಡತೊಡಗಿ ಆಗ ಒಂದು ವರ್ಷವೂ ತುಂಬಿರಲಿಲ್ಲ.

ಸಣ್ಣ ಮಳಿಗೆಗಳಿಗೂ ಇದರಲ್ಲಿ ಪಾಠವಿದೆ. ಬೆಲೆಯಲ್ಲಿ ದೊಡ್ಡ ಕಂಪನಿಗಳೊಂದಿಗೆ ಪೈಪೋಟಿ ನಡೆಸಲು ಅವುಗಳಿಗೆ ಸಾಧ್ಯವಾಗದಿರಬಹುದು. ಆದರೆ ಹಣ ಕೊಟ್ಟು ಸರಕಿಗಾಗಿ ಕಾಯುತ್ತಿರುವ ಗ್ರಾಹಕರಿಗೆ ಮೊದಲ ದಿನ ಆಡಿದ ದನಿಯಲ್ಲಿಯೇ ಕೊನೆಯ ದಿನವೂ ಉತ್ತರಿಸುವುದಕ್ಕೆ ಹೆಚ್ಚಿನ ಬಂಡವಾಳವೇನೂ ಬೇಕಿಲ್ಲ.