ತಂಬಾಕಿನ ಹೊಗೆಯಲ್ಲಿರುವ ಕ್ಯಾಡ್ಮಿಯಂ ಮತ್ತು ಕ್ಯಾನ್ಸರ್ ಅಪಾಯ

ಬೆಳಗಾವಿ ಜಿಲ್ಲೆಯ ನಿಪ್ಪಾಣಿ ಭಾಗವು ಬೀಡಿ ತಂಬಾಕಿನ ಬೆಳೆ ಹಾಗೂ ವ್ಯಾಪಾರಕ್ಕೆ ಬಹುಕಾಲದಿಂದ ಹೆಸರಾಗಿದೆ. ತಂಬಾಕು ಗಿಡವು ಮಣ್ಣಿನಲ್ಲಿರುವ ಕ್ಯಾಡ್ಮಿಯಂ ಲೋಹವನ್ನು ಹೀರಿ ಎಲೆಗಳಲ್ಲಿ ಸಂಗ್ರಹಿಸುತ್ತದೆ. ಧೂಮಪಾನ ಮಾಡಿದಾಗ ಇದರ ಸೂಕ್ಷ್ಮ ಕಣಗಳು ಹೊಗೆಯೊಂದಿಗೆ ಶ್ವಾಸಕೋಶವನ್ನು ಸೇರುತ್ತವೆ.

ಕರಗಿದ ಕ್ಯಾಡ್ಮಿಯಂ, ಸತು ಹಾಗೂ ಕ್ಯಾಲ್ಸಿಯಂಗಳಿಗಾಗಿ ಇರುವ ದ್ವಾರಗಳ ಮೂಲಕವೇ ಜೀವಕೋಶವನ್ನು ಪ್ರವೇಶಿಸುತ್ತದೆ. ಒಳಸೇರಿದ ನಂತರ ಅದು ಡಿ.ಎನ್.ಎ. ದುರಸ್ತಿ ಕಾರ್ಯಕ್ಕೆ ಅಡ್ಡಿಯುಂಟುಮಾಡುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1993ರಲ್ಲಿ ಕ್ಯಾಡ್ಮಿಯಂ ಅನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲನೇ ಗುಂಪಿಗೆ ಸೇರಿಸಿದೆ. ತಂಬಾಕಿನಲ್ಲಿ ಕ್ಯಾನ್ಸರ್‌ಕಾರಕವಾದ ಇತರ ಅನೇಕ ವಸ್ತುಗಳೂ ಇವೆ.

ಮೂತ್ರಪಿಂಡ ಸೇರಿದ ಕ್ಯಾಡ್ಮಿಯಂ 10 ವರ್ಷಗಳಿಗೂ ಹೆಚ್ಚು ಕಾಲ ಅಲ್ಲಿಯೇ ಉಳಿಯುತ್ತದೆ. ಆದ್ದರಿಂದ ತಂಬಾಕನ್ನು ಎಷ್ಟು ಬೇಗ ತ್ಯಜಿಸಿದರೆ ಅಷ್ಟು ಒಳಿತು. ಈಗಾಗಲೇ ತ್ಯಜಿಸಿದವರೂ ತಪಾಸಣೆಯನ್ನು ಕಡೆಗಣಿಸಬಾರದು.

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ ಮತ್ತು ಕಾಗವಾಡ ತಾಲ್ಲೂಕುಗಳ 30 ವರ್ಷ ಮೇಲ್ಪಟ್ಟ ನಾಗರಿಕರು ಬಾಯಿ ಕ್ಯಾನ್ಸರ್ ತಪಾಸಣೆಗಾಗಿ ಸಮೀಪದ ಪ್ರಾಥಮಿಕ ಆರೋಗ್ಯ ಕೇಂದ್ರವನ್ನು ಸಂಪರ್ಕಿಸಬಹುದಾಗಿದೆ. ದೀರ್ಘಕಾಲದ ಕೆಮ್ಮು, ಕಫದಲ್ಲಿ ರಕ್ತ ಅಥವಾ ಬಾಯಿಯಲ್ಲಿ ವಾಸಿಯಾಗದ ಹುಣ್ಣು ಕಂಡುಬಂದಲ್ಲಿ ವಯಸ್ಸನ್ನು ಪರಿಗಣಿಸದೆ ಕೂಡಲೇ ವೈದ್ಯರನ್ನು ಕಾಣತಕ್ಕದ್ದು. ಚಿಕಿತ್ಸಾ ವೆಚ್ಚಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯ ನೆರವು ಕೋರುವವರು ಆಧಾರ್ ಹಾಗೂ ಪಡಿತರ ಚೀಟಿಗಳನ್ನು ತಮ್ಮೊಂದಿಗೆ ತರತಕ್ಕದ್ದು.